ನಡುವಯಸ್ಸಿನಲ್ಲಿ ಕರಿಕೋಟು: ಎರಡನೇ ಪದವಿಯಾಗಿ ಕಾನೂನು ವ್ಯಾಸಂಗ

ಒಮ್ಮೆ ಪದವಿ ಪಡೆದು, ಹತ್ತಾರು ವರ್ಷ ನೌಕರಿ ಮಾಡಿ, ಮತ್ತೆ ಕಾಲೇಜಿನ ಮೆಟ್ಟಿಲೇರುವವರು ನಮ್ಮಲ್ಲಿ ವಿರಳವೇನಲ್ಲ. ಬ್ಯಾಂಕ್ ನೌಕರರು, ಶಿಕ್ಷಕರು, ಎಂಜಿನಿಯರುಗಳು, ಪತ್ರಕರ್ತರು, ನಿವೃತ್ತಿಯ ಹೊಸ್ತಿಲಲ್ಲಿರುವ ಅಧಿಕಾರಿಗಳು ಹೀಗೆ ಹಲವರು ವೃತ್ತಿ ಬದಲಾವಣೆಗೆ ಆರಿಸಿಕೊಳ್ಳುವ ಹಾದಿಯೆಂದರೆ ಮೂರು ವರ್ಷಗಳ ಎಲ್‌ಎಲ್‌ಬಿ ಪದವಿ.

ಇದಕ್ಕೆ ಕಾರಣವೂ ಸ್ಪಷ್ಟ. ಸ್ನಾತಕೋತ್ತರ ಪದವಿ ಬಹುಮಟ್ಟಿಗೆ ಮೊದಲು ಓದಿದ ವಿಷಯದ ಮುಂದುವರಿಕೆ. ವೈದ್ಯಕೀಯದಂತಹ ವೃತ್ತಿಗೆ ಹೋಗಬೇಕಾದರೆ ಪಿಯುಸಿ ವಿಜ್ಞಾನದ ನೆಲೆಯಿಂದ ಮತ್ತೆ ಆರಂಭಿಸಬೇಕು. ಕಾನೂನು ಪದವಿಯಾದರೋ ಕಲೆ, ವಿಜ್ಞಾನ, ವಾಣಿಜ್ಯ, ತಾಂತ್ರಿಕ ಎಂಬ ಭೇದವಿಲ್ಲದೆ ಯಾವುದೇ ವಿಷಯದ ಪದವೀಧರರಿಗೆ ತೆರೆದಿರುತ್ತದೆ.

ವಾಸ್ತವವಾಗಿ ಭಾರತದಲ್ಲಿ ಕಾನೂನು ದೀರ್ಘಕಾಲ ಎರಡನೇ ಪದವಿಯೇ ಆಗಿತ್ತು. ಮೊದಲು ಬಿ.ಎ. ಅಥವಾ ಬಿ.ಎಸ್ಸಿ., ನಂತರ ಕಾನೂನು ಎಂಬುದು ರೂಢಿ. ರಾಜಕಾರಣಿ ಸಿದ್ದರಾಮಯ್ಯ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ ಬಳಿಕ ಕಾನೂನು ಓದಿದ್ದು ಇದೇ ಕ್ರಮದಲ್ಲಿ. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಪಿಯುಸಿ ನಂತರದ ಐದು ವರ್ಷಗಳ ಸಂಯೋಜಿತ ಪದವಿ ಆರಂಭವಾದ ಮೇಲೆ ಚಿತ್ರ ಬದಲಾಯಿತು. ಅದೇ ಸಂಸ್ಥೆ 2022ರಲ್ಲಿ ಪದವೀಧರರಿಗಾಗಿ ಮೂರು ವರ್ಷಗಳ ಎಲ್‌ಎಲ್‌ಬಿ ಆನರ್ಸ್ ಪದವಿಯನ್ನೂ ಪ್ರಾರಂಭಿಸಿತು ಎಂಬುದು ಗಮನಾರ್ಹ.

ಅರ್ಹತೆ ಏನು?

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಾವಳಿಯ ಪ್ರಕಾರ ಮೊದಲ ಪದವಿಯಲ್ಲಿ ಸಾಮಾನ್ಯ ವರ್ಗದವರು ಶೇ. 45, ಇತರ ಹಿಂದುಳಿದ ವರ್ಗದವರು ಶೇ. 42 ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಶೇ. 40ರಷ್ಟು ಅಂಕ ಗಳಿಸಿರಬೇಕು. ಅಂಚೆ ಮೂಲಕ ಪದವಿ ಪಡೆದವರೂ ಅರ್ಹರು. ಆದರೆ ಅಗತ್ಯವಾದ ಮೂಲ ವಿದ್ಯಾರ್ಹತೆ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರಿಗೆ ಅವಕಾಶವಿಲ್ಲ.

ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿವೆ. ಇಲ್ಲಿ ಸಾಮಾನ್ಯವಾಗಿ ಪದವಿಯ ಅಂಕಗಳನ್ನು ಆಧರಿಸಿ ಪ್ರವೇಶ ನೀಡಲಾಗುತ್ತದೆ. ರಾಷ್ಟ್ರೀಯ ಕಾನೂನು ಶಾಲೆಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ.

ವಯಸ್ಸು ಅಡ್ಡಿಯೇ?

ನಲವತ್ತು ದಾಟಿದವರು ಮೊದಲು ಕೇಳುವ ಪ್ರಶ್ನೆ ಇದು. 2008ರ ನಿಯಮಾವಳಿಯು ಮೂರು ವರ್ಷಗಳ ಪದವಿಗೆ 30 ವರ್ಷಗಳ ವಯೋಮಿತಿ ವಿಧಿಸಿತ್ತು. 2013ರಲ್ಲಿ ಕೈಬಿಟ್ಟ ಈ ಮಿತಿಯನ್ನು ಪರಿಷತ್ತು 2016ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆಯ ಮೂಲಕ ಮತ್ತೆ ಜಾರಿಗೆ ತಂದಿತು. 2017ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ತರುವಾಯ ಮೂವತ್ತು ಮೀರಿದವರಿಗೂ ಕಾಲೇಜಿನ ಬಾಗಿಲು ತೆರೆಯಿತು.

ಸನ್ನದು ಪಡೆಯುವ ಹಂತದಲ್ಲೂ ಇಂಥದೇ ಅಡ್ಡಿ ಹಿಂದೆ ಇತ್ತು. 45 ವರ್ಷ ತುಂಬಿದವರು ವಕೀಲರಾಗಿ ನೋಂದಾಯಿಸಿಕೊಳ್ಳುವಂತಿಲ್ಲ ಎಂದು ಪರಿಷತ್ತು ಮಾಡಿದ್ದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ರದ್ದುಪಡಿಸಿತು. ನಡುವಯಸ್ಸಿನಲ್ಲಿ ಕರಿಕೋಟು ತೊಡಲು ದಾರಿ ಮಾಡಿಕೊಟ್ಟದ್ದು ಆ ತೀರ್ಪು.

ನೌಕರಿ ಮಾಡುತ್ತಲೇ ಓದಬಹುದೇ?

ಬಹಳಷ್ಟು ಮಂದಿ ಎಡವುವುದು ಇಲ್ಲಿಯೇ. ಹಿಂದೆ ಸಂಜೆ ಕಾಲೇಜುಗಳಲ್ಲಿ ಕಾನೂನು ಓದಿದವರ ಕಥೆಗಳನ್ನು ಕೇಳಿ, ಈಗಲೂ ಹಾಗೆಯೇ ಎಂದು ಭಾವಿಸುವವರಿದ್ದಾರೆ. ವಸತಿ ಸಹಿತವಲ್ಲದ ಕಾಲೇಜುಗಳಲ್ಲಿ ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ನಡೆಯಬೇಕು. ವಾರಕ್ಕೆ 30 ಗಂಟೆಗಳ ಬೋಧನಾವಧಿ ಇರಬೇಕು ಎಂದು ನಿಯಮಾವಳಿ ಹೇಳುತ್ತದೆ. ಪ್ರತಿ ವಿಷಯದಲ್ಲೂ ಶೇ. 70ರಷ್ಟು ಹಾಜರಾತಿಯನ್ನು ಅದು ನಿಗದಿಪಡಿಸಿದೆ. ವಿಶೇಷ ಸಂದರ್ಭದಲ್ಲಿ ಒಂದು ವಿಷಯಕ್ಕೆ ಶೇ. 65ರವರೆಗೆ ರಿಯಾಯಿತಿ ಉಂಟಾದರೂ ಒಟ್ಟಾರೆ ಹಾಜರಾತಿ ಶೇ. 70 ಇರಬೇಕು. ಅಂಚೆ ಮೂಲಕ ಪಡೆದ ಕಾನೂನು ಪದವಿಯಿಂದ ಸನ್ನದು ದೊರೆಯದು.

ಹಾಜರಾತಿಯನ್ನು ಕಾಗದದ ಮೇಲಷ್ಟೇ ತೋರಿಸುವ ಕೆಲವೆಡೆಯ ಚಾಳಿಗೆ ಕಡಿವಾಣ ಹಾಕಲು ಪರಿಷತ್ತು 2024ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಬೆರಳಚ್ಚು ಹಾಜರಾತಿ ವ್ಯವಸ್ಥೆ ಅಳವಡಿಸುವಂತೆ ಕಾಲೇಜುಗಳಿಗೆ ಸೂಚಿಸಿತು. ವ್ಯಾಸಂಗದ ಅವಧಿಯಲ್ಲಿ ನೌಕರಿಯಲ್ಲಿದ್ದರೆ ಅದನ್ನು ಘೋಷಿಸಿ, ಮಾಲೀಕರ ನಿರಾಕ್ಷೇಪಣಾ ಪತ್ರ ಒದಗಿಸಬೇಕೆಂದೂ ತಿಳಿಸಿತು. ಆದ್ದರಿಂದ ಗುಟ್ಟಾಗಿ ಓದಿ ಪದವಿ ಪಡೆಯುವ ಆಲೋಚನೆ ಮುಂದೊಂದು ದಿನ ಸನ್ನದಿಗೇ ಕುತ್ತು ತಂದೀತು. ಬೆಳಗಿನ ತರಗತಿಗಳಿರುವ ಕಾಲೇಜು, ಪಾಳಿ ಬದಲಾವಣೆ ಅಥವಾ ದೀರ್ಘ ರಜೆ ಇವುಗಳಲ್ಲಿ ಯಾವುದು ಸಾಧ್ಯವೆಂಬುದನ್ನು ಶುಲ್ಕ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು.

ಓದಿನ ಸ್ವರೂಪ

ಮೂರು ವರ್ಷಗಳನ್ನು ಆರು ಸೆಮಿಸ್ಟರ್‌ಗಳಾಗಿ ವಿಂಗಡಿಸಲಾಗಿದೆ. ಸಂವಿಧಾನ, ಕರಾರು, ಆಸ್ತಿ, ಕುಟುಂಬ ಕಾನೂನುಗಳ ಜೊತೆಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮೊದಲಾದ ಹೊಸ ಕಾಯಿದೆಗಳನ್ನೂ ಅಭ್ಯಸಿಸಬೇಕು. ದಾವಾಪತ್ರ ರಚನೆ, ವೃತ್ತಿಧರ್ಮ, ಪರ್ಯಾಯ ವ್ಯಾಜ್ಯ ಪರಿಹಾರ ಹಾಗೂ ಅಣಕು ನ್ಯಾಯಾಲಯ ಎಂಬ ನಾಲ್ಕು ಪ್ರಾಯೋಗಿಕ ಪತ್ರಿಕೆಗಳು ಕಡ್ಡಾಯ. ಇದಲ್ಲದೆ ವಕೀಲರು, ನ್ಯಾಯಾಲಯ ಮುಂತಾದೆಡೆ ಕನಿಷ್ಠ 12 ವಾರಗಳ ತರಬೇತಿ ಪಡೆಯಬೇಕು. ನೌಕರಿಯಲ್ಲಿರುವವರ ರಜೆಯ ಲೆಕ್ಕದಲ್ಲಿ ಈ 12 ವಾರಗಳು ಮರೆತುಹೋಗುವುದೇ ಹೆಚ್ಚು.

ಪದವಿಯ ನಂತರ

ಪದವಿ ಕೈಸೇರಿದ ಮಾತ್ರಕ್ಕೆ ವಕೀಲರಾಗುವುದಿಲ್ಲ. 1961ರ ವಕೀಲರ ಕಾಯಿದೆಯ ಪ್ರಕಾರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಕಾಯಿದೆಯಲ್ಲಿ ಹೇಳಿರುವ 750 ರೂಪಾಯಿ (ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ) ಮೀರಿ ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈ 30ರಂದು ತೀರ್ಪು ನೀಡಿತು. 2011ರಿಂದ ನಡೆಯುತ್ತಿರುವ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲೂ ಉತ್ತೀರ್ಣರಾಗಬೇಕು. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು.

ಅತಿ ಮುಖ್ಯವಾದ ಸಂಗತಿ ಇನ್ನೊಂದಿದೆ. ಪರಿಷತ್ತಿನ 49ನೇ ನಿಯಮದಂತೆ ಪೂರ್ಣಾವಧಿ ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲಿ ಮಾಡುವಂತಿಲ್ಲ. ಎರಡು ದೋಣಿಯ ಮೇಲೆ ಕಾಲಿಡುವುದನ್ನು ಕಾನೂನೇ ನಿಷೇಧಿಸಿದೆ. ನ್ಯಾಯಾಧೀಶರಾಗುವ ಆಸೆಯಿಂದ ಸೇರುವವರೂ ಎಚ್ಚರ ವಹಿಸಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಆ ಹುದ್ದೆಗೆ ಗರಿಷ್ಠ ವಯೋಮಿತಿಯೂ ಇರುವುದರಿಂದ, ತಡವಾಗಿ ಓದಲು ತೊಡಗಿದವರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ.

ಲೆಕ್ಕಾಚಾರ

ಎರಡನೇ ಪದವಿಯ ನಿಜವಾದ ವೆಚ್ಚ ಕಾಲೇಜಿನ ಶುಲ್ಕವಲ್ಲ, ಬಿಟ್ಟುಕೊಡುವ ಸಂಬಳ. ಓದಿನ ಮೂರು ವರ್ಷಗಳಿಗೆ ಕಿರಿಯ ವಕೀಲರಾಗಿ ದುಡಿಯುವ ಆರಂಭದ ವರ್ಷಗಳನ್ನೂ ಸೇರಿಸಿಕೊಳ್ಳಬೇಕು. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ನೀಡುವಂತೆ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತಾದರೂ ಅದು ಕಡ್ಡಾಯವಲ್ಲ. ಮನೆಸಾಲದ ಕಂತು, ಮಕ್ಕಳ ಶಾಲಾ ಶುಲ್ಕ ಹೊತ್ತವರಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಹಳೆಯ ಅನುಭವ ವ್ಯರ್ಥವೂ ಅಲ್ಲ. ಬ್ಯಾಂಕಿನಲ್ಲಿದ್ದವರಿಗೆ ಸಾಲ ವಸೂಲಾತಿ ಪ್ರಕರಣಗಳು, ಕಂದಾಯ ಇಲಾಖೆಯಲ್ಲಿದ್ದವರಿಗೆ ಪಹಣಿ, ಮ್ಯುಟೇಶನ್ ವ್ಯಾಜ್ಯಗಳು, ಎಂಜಿನಿಯರುಗಳಿಗೆ ಪೇಟೆಂಟ್ ಹಾಗೂ ಗುತ್ತಿಗೆ ತಕರಾರುಗಳು ಪರಿಚಿತ ನೆಲ. ಇಪ್ಪತ್ತೈದರ ತರುಣನಿಗೆ ಇಲ್ಲದ ಬಂಡವಾಳ ಇದು. ಅರ್ಜಿ ಹಾಕುವ ಮುನ್ನ ಕೆಲವು ದಿನ ರಜೆ ಹಾಕಿ ಜಿಲ್ಲಾ ನ್ಯಾಯಾಲಯದ ಕಲಾಪವನ್ನು ಕುಳಿತು ನೋಡಿ, ತಡವಾಗಿ ವೃತ್ತಿಗೆ ಬಂದ ವಕೀಲರೊಬ್ಬರನ್ನು ವಿಚಾರಿಸಿ, ಮನೆಯವರೊಂದಿಗೆ ಐದಾರು ವರ್ಷಗಳ ಖರ್ಚಿನ ಪಟ್ಟಿ ಹಾಕಿದರೆ, ಈ ಪದವಿ ತಮಗೆ ತಕ್ಕುದೋ ಅಲ್ಲವೋ ಎಂಬುದು ಬಹುಪಾಲು ತಿಳಿದುಹೋಗುತ್ತದೆ.