ಹೃದಯಾಘಾತದ ಅನಂತರದ ಹೃದಯ: ಒಂದು ವೈದ್ಯವಿಚಾರದ ಇತಿಹಾಸ

ಹೃದಯಾಘಾತವು ಒಂದು ದಿನದ ಘಟನೆಯೋ, ಅಥವಾ ಆ ದಿನ ಮೊದಲಾಗಿ ವರ್ಷಗಟ್ಟಲೆ ಸಾಗುವ ಕ್ರಿಯೆಯೋ? ಇಪ್ಪತ್ತನೆಯ ಶತಮಾನದ ವೈದ್ಯಶಾಸ್ತ್ರವು ಮೊದಲನೆಯ ಅಭಿಪ್ರಾಯದಿಂದ ಎರಡನೆಯದಕ್ಕೆ ಬಂದ ಬಗೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಹೃದಯಕ್ಕೆ ರಕ್ತವನ್ನೊದಗಿಸುವ ಕರೋನರಿ ಅಪಧಮನಿ ಹಠಾತ್ತನೆ ಮುಚ್ಚಿದರೆ ಮರಣವು ತತ್‌ಕ್ಷಣವೇ ಎಂಬ ಭಾವನೆ ಬಹುಕಾಲ ಪ್ರಬಲವಾಗಿದ್ದಿತು. ರೋಗಿಯು ಬದುಕುಳಿಯುವುದೂ ಉಂಟೆಂದು ಷಿಕಾಗೋ ನಗರದ ಜೇಮ್ಸ್ ಹೆರಿಕ್ ಅವರು 1912ರಲ್ಲಿ ತೋರಿಸಿದರು. ಹಾಗೆ ಬದುಕಿದವನ ಹೃದಯದ ಗತಿಯೇನು? 1939ರಲ್ಲಿ ಮ್ಯಾಲರಿ, ವೈಟ್ ಮತ್ತು ಸಾಲ್ಸೆಡೊ-ಸಾಲ್ಗಾರ್ ಎಂಬ ಮೂವರು 72 ಮಂದಿಯ ಹೃದಯಗಳನ್ನು ಮರಣೋತ್ತರವಾಗಿ ಪರೀಕ್ಷಿಸಿ, ಸತ್ತ ಸ್ನಾಯುವಿನ ಸ್ಥಾನದಲ್ಲಿ ಕಲೆ ಕಟ್ಟಲು ಸಣ್ಣ ಗಾಯಕ್ಕೆ ಸುಮಾರು 5 ವಾರಗಳೂ ದೊಡ್ಡದಕ್ಕೆ ಸುಮಾರು 2 ತಿಂಗಳೂ ಹಿಡಿಯುವುವೆಂದು ನಿರ್ಧರಿಸಿದರು. ವಾರಗಟ್ಟಲೆ ಹಾಸಿಗೆ ಬಿಟ್ಟೇಳಕೂಡದೆಂಬ ಆಗಿನ ಕಟ್ಟುಪಾಡಿಗೆ ಇದು ಬಲವಾದ ಆಧಾರವಾಯಿತು. (81 ಮಂದಿ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕುಳ್ಳಿರಿಸಿ ಈ ಕಟ್ಟುಪಾಡನ್ನು ಪ್ರಶ್ನಿಸಿದ ಲೆವೈನ್ ಮತ್ತು ಲೌನ್ ಅವರ ವರದಿ ಬಂದದ್ದು 1952ರಲ್ಲಿ.) ಗಾಯ ಮಾಯ್ದರೆ ಹೃದಯದ ಕಥೆ ಮುಗಿಯಿತೆಂಬುದೇ ಈ ಎಲ್ಲದರ ಹಿಂದಿದ್ದ ಗ್ರಹಿಕೆ.

ಆ ಮೂವರ ಶ್ರಮವನ್ನು ನಾವು ಕಡೆಗಣಿಸುವಂತಿಲ್ಲ. ಆದರೆ ಅವರ ಮುಂದಿದ್ದವು 72 ಮಂದಿಯ ಹೃದಯಗಳು. ಒಂದೇ ಹೃದಯದ 72 ಅವಸ್ಥೆಗಳಲ್ಲ. ಬೇರೆ ಬೇರೆ ವಂಶಗಳ ಒಂದೊಂದು ಶಾಸನವನ್ನು ಜೋಡಿಸಿ ಒಂದು ವಂಶದ ಏಳುಬೀಳನ್ನು ಬರೆಯಹೊರಟವರಿಗೆ ಒದಗುವ ತೊಡಕು ಇಲ್ಲಿಯೂ ಇದ್ದಿತು. ಜೀವಂತ ಹೃದಯವು ಬೇರೆಯದನ್ನೇ ಹೇಳುತ್ತಿತ್ತು. 1935ರಲ್ಲಿಯೇ ಟೆನೆಂಟ್ ಮತ್ತು ವಿಗರ್ಸ್ ನಾಯಿಗಳ ಕರೋನರಿ ಅಪಧಮನಿಯನ್ನು ಬಿಗಿದಾಗ, ರಕ್ತ ತಪ್ಪಿದ ಭಾಗವು ಒಂದು ನಿಮಿಷದೊಳಗೆ ಸಂಕೋಚಿಸುವುದನ್ನು ಬಿಟ್ಟು, ಉಳಿದ ಭಾಗ ಸಂಕೋಚಿಸುವಾಗ ಹೊರಕ್ಕೆ ಉಬ್ಬುವುದನ್ನು ಕಂಡಿದ್ದರು. ಈ ಸೂಚನೆಯನ್ನು ಅನುಸರಿಸಲು ವೈದ್ಯರಿಗೆ ದಶಕಗಳೇ ಹಿಡಿದುವೆಂದು ನಮ್ಮ ಅಭಿಪ್ರಾಯ.

ಹೊಸದಾಗಿ ಸ್ನಾಯು ಸಾಯದಿದ್ದರೂ ಗಾಯಗೊಂಡ ಗೋಡೆ ತೆಳುವಾಗಿ ಹಿಗ್ಗಬಲ್ಲದೆಂಬುದನ್ನು 1978ರಲ್ಲಿ ಹಚಿನ್ಸ್ ಮತ್ತು ಬಲ್ಕ್‌ಲೀ ಸ್ಪಷ್ಟಪಡಿಸಿದರು. ಮುಂದೆ ಜಾನಿಸ್ ಫೆಫರ್, ಮಾರ್ಕ್ ಫೆಫರ್ ಮತ್ತು ಬ್ರೌನ್‌ವಾಲ್ಡ್ ಇಲಿಗಳಲ್ಲಿ ನಡೆಸಿದ ಪ್ರಯೋಗಗಳಿಂದ ತಿಳಿದುಬಂದುದು ಇನ್ನೂ ಗಹನವಾದದ್ದು. ದೊಡ್ಡ ಗಾಯವಾದಾಗ ಎಡ ಹೃತ್ಕುಕ್ಷಿಯ ಆರೋಗ್ಯವಂತ ಭಾಗವೂ ನಿಧಾನವಾಗಿ ಹಿಗ್ಗುತ್ತದೆ. ಕುಕ್ಷಿ ದೊಡ್ಡದಾದುದರಿಂದ, ಸಂಕೋಚನ ದುರ್ಬಲವಾಗಿದ್ದರೂ ಪ್ರತಿ ಬಡಿತಕ್ಕೆ ಸಾಕಷ್ಟು ರಕ್ತ ಹೊರಡುತ್ತದೆ. ಮೊದಲಲ್ಲಿ ಇದು ಉಪಕಾರವೇ. ಆದರೆ ಕುಕ್ಷಿ ಹಿಗ್ಗಿದಷ್ಟೂ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಎಳೆತ ಹೆಚ್ಚಿದಂತೆ ಗೋಡೆ ಮತ್ತೂ ಹಿಗ್ಗುತ್ತದೆ. ನೀಳವಾಗಿದ್ದ ಕುಕ್ಷಿ ಕ್ರಮೇಣ ಗುಂಡಾಗಿ, ಕೊನೆಗೆ ಹೃದಯವು ಸೋಲುತ್ತದೆ.

ರಕ್ತನಾಳಗಳನ್ನು ಬಿಗಿಗೊಳಿಸುವ ಆಂಜಿಯೋಟೆನ್ಸಿನ್ ಎಂಬ ವಸ್ತುವಿನ ಉತ್ಪತ್ತಿಯನ್ನು ತಡೆಯುವ ಕ್ಯಾಪ್ಟೊಪ್ರಿಲ್ ಔಷಧವು ಈ ಹಿಗ್ಗುವಿಕೆಯನ್ನು ಇಲಿಗಳಲ್ಲಿ ತಗ್ಗಿಸಿತು. ಬ್ರೆಜಿಲ್ ದೇಶದ ಒಂದು ಮಂಡಲಹಾವಿನ ವಿಷದ ಅಧ್ಯಯನವೇ ಈ ಔಷಧಕ್ಕೆ ಮೂಲವೆಂಬುದು ಸ್ವಾರಸ್ಯಕರ. 1992ರಲ್ಲಿ ಪ್ರಕಟವಾದ, 2231 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ, ಔಷಧವಿಲ್ಲದವರಲ್ಲಿ 100ಕ್ಕೆ 25 ಮಂದಿಯೂ ಔಷಧ ಪಡೆದವರಲ್ಲಿ 20 ಮಂದಿಯೂ ಮೃತರಾಗಿದ್ದರು. ಇದಕ್ಕೆ ಆರಿಸಿಕೊಂಡವರೆಲ್ಲರ ಹೃತ್ಕುಕ್ಷಿಯೂ ದುರ್ಬಲಗೊಂಡಿದ್ದಿತು. ಆದರೆ ಹೃದಯ ಸೋತ ಲಕ್ಷಣ ಅವರಲ್ಲಿ ಹೊರಗೆ ಕಾಣುತ್ತಿರಲಿಲ್ಲ. 1939ರ ಲೆಕ್ಕದಲ್ಲಿ ಇಂಥವರು, ಕಲೆ ಕಟ್ಟಿದ ಮೇಲೆ, ಗುಣಹೊಂದಿ ಮನೆಗೆ ಹೋಗತಕ್ಕವರು.