ಅಂಧರು ಹಾಗೂ ಮಂದದೃಷ್ಟಿಯುಳ್ಳವರಿಗೆ ಕರಕುಶಲ ಕಸುಬು ಮತ್ತು ಉದ್ಯೋಗ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಮೈಸೂರಿನಲ್ಲಿ ಅಂಧರ ಶಿಕ್ಷಣಕ್ಕೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1901ರಲ್ಲಿ ಶ್ರೀ ಎಂ. ಶ್ರೀನಿವಾಸರಾವ್ ಅವರು ನಗರದಲ್ಲಿ ಅಂಧ ಹಾಗೂ ಕಿವುಡ ಮಕ್ಕಳಿಗಾಗಿ ಶಾಲೆಯನ್ನು ಆರಂಭಿಸಿದರು. ತಿಲಕ್‌ನಗರದಲ್ಲಿ ಸರ್ಕಾರಿ ಅಂಧ ಮಕ್ಕಳ ಶಾಲೆ ನಡೆಯುತ್ತಿದೆ. ಆದರೆ ಶಾಲೆಯ ವಯಸ್ಸು ಮೀರಿದವರು, ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು ಹಾಗೂ ಗ್ರಾಮಗಳಲ್ಲಿಯೇ ಉಳಿದಿರುವ ಮಹಿಳೆಯರಿಗೆ ಜೀವನೋಪಾಯವೇ ಮುಖ್ಯ ಪ್ರಶ್ನೆಯಾಗಿದೆ. ಅಂತಹವರು ಹಾಗೂ ಅವರ ಕುಟುಂಬದವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಸುಬನ್ನು ಕಲಿತ ಮಾತ್ರಕ್ಕೆ ಆದಾಯ ದೊರೆಯುವುದಿಲ್ಲ. ಕಚ್ಚಾವಸ್ತು, ಖರೀದಿದಾರ ಮತ್ತು ಹಣದ ವ್ಯವಹಾರ ಈ ಮೂರೂ ಕುಶಲಕರ್ಮಿಯ ಕೈಯಲ್ಲಿದ್ದಾಗ ಮಾತ್ರ ಕಸುಬು ಜೀವನೋಪಾಯವಾಗುತ್ತದೆ.

ಯಾರು ಅರ್ಹರು

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಸಂಪೂರ್ಣ ದೃಷ್ಟಿ ಇಲ್ಲದವರು, ಕನ್ನಡಕ ಧರಿಸಿದ ನಂತರವೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇರುವವರು ಅಥವಾ ದೃಷ್ಟಿಯ ವಿಸ್ತಾರ 10 ಡಿಗ್ರಿಗಿಂತ ಕಡಿಮೆ ಇರುವವರು ಅಂಧರೆಂದು ಪರಿಗಣಿತರಾಗುತ್ತಾರೆ. ಇದಕ್ಕಿಂತ ಉತ್ತಮವಾಗಿದ್ದರೂ ಉತ್ತಮ ಕಣ್ಣಿನ ದೃಷ್ಟಿ 6/18ನ್ನು ಮೀರದವರು ಅಥವಾ ದೃಷ್ಟಿಯ ವಿಸ್ತಾರ 40 ಡಿಗ್ರಿಗಿಂತ ಕಡಿಮೆ ಇರುವವರು ಮಂದದೃಷ್ಟಿಯುಳ್ಳವರಾಗಿರುತ್ತಾರೆ. ಹೆಚ್ಚಿನ ಯೋಜನೆಗಳ ಸೌಲಭ್ಯಕ್ಕೆ ಕನಿಷ್ಠ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಅಗತ್ಯ.

ಕಣ್ಣಿನ ಪೊರೆಯಿಂದ ಉಂಟಾದ ಅಂಧತ್ವವು ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣವಾಗಬಲ್ಲದು. ಆದ್ದರಿಂದ ಹಿರಿಯರು ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವ ಮೊದಲು ನೇತ್ರತಜ್ಞರಿಂದ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ.

ಸ್ಪರ್ಶದಿಂದ ಮಾಡಬಹುದಾದ ಕಸುಬುಗಳು

1. ಕುರ್ಚಿಗೆ ಬೆತ್ತ ಹೆಣೆಯುವುದು: ಕುರ್ಚಿಯ ಚೌಕಟ್ಟಿನಲ್ಲಿ ಸಮಾನ ಅಂತರದ ರಂಧ್ರಗಳಿರುವುದರಿಂದ ಅವುಗಳನ್ನು ಬೆರಳಿನಿಂದ ಎಣಿಸಿ ಹೆಣೆಯಬಹುದು. ದೇಶದ ಅನೇಕ ಅಂಧರ ಶಾಲೆಗಳಲ್ಲಿ ಬಹುಕಾಲದಿಂದ ಕಲಿಸಲಾದ ಕಸುಬು ಇದಾಗಿದೆ. ಪ್ಲಾಸ್ಟಿಕ್ ಕುರ್ಚಿಗಳು ಬಂದ ನಂತರ ಬೇಡಿಕೆ ಕಡಿಮೆಯಾಗಿರುವುದನ್ನು ಗಮನದಲ್ಲಿಡಬೇಕು.

2. ಬುಟ್ಟಿ, ಚಾಪೆ, ಪೊರಕೆ ಮತ್ತು ಹಗ್ಗ: ಕಪಿಲಾ ಮತ್ತು ಕಾವೇರಿ ನದಿಗಳ ನೀರಾವರಿ ಪ್ರದೇಶದಲ್ಲಿ ತೆಂಗು ಹಾಗೂ ಬಾಳೆ ಬೆಳೆಯುವುದರಿಂದ ನಾರು, ಗರಿ, ಕಡ್ಡಿಗಳನ್ನು ದೂರದಿಂದ ತರಬೇಕಾಗಿಲ್ಲ. ಬಾಳೆಯ ದಿಂಡಿನಿಂದ ನಾರು ತೆಗೆಯುವ ಯಂತ್ರದಲ್ಲಿ ಚಲಿಸುವ ಅಲಗುಗಳಿರುವುದರಿಂದ ಆ ಕೆಲಸವನ್ನು ದೃಷ್ಟಿಯುಳ್ಳವರು ಮಾಡಿ, ಹೊಸೆಯುವ ಹಾಗೂ ಹೆಣೆಯುವ ಕೆಲಸವನ್ನು ಅಂಧರು ವಹಿಸಿಕೊಳ್ಳಬಹುದು.

3. ನೂಲುವುದು ಮತ್ತು ನೇಯುವುದು: ನಂಜನಗೂಡು ತಾಲ್ಲೂಕಿನ ತಗಡೂರು, ಬದನವಾಳು ಗ್ರಾಮಗಳು 1920ರ ದಶಕದಿಂದ ಖಾದಿಗೆ ಹೆಸರಾದವು. ನೂಲು ತುಂಡಾದುದನ್ನು ಅನುಭವಿ ಕೈ ಸ್ಪರ್ಶದಿಂದಲೇ ತಿಳಿಯುತ್ತದೆ. ಬಣ್ಣಗಳ ಲಾಳಿಗಳನ್ನು ಗುರುತಿಸಲು ಒಂದು ಗಂಟು, ಎರಡು ಗಂಟು ಎಂಬಂತೆ ಗುರುತು ಹಾಕಿಕೊಳ್ಳಬಹುದು.

4. ಊದುಬತ್ತಿ ಹೊಸೆಯುವುದು, ವೈರ್ ಬ್ಯಾಗ್ ಹೆಣೆಯುವುದು: ಇವುಗಳನ್ನು ಮನೆಯಲ್ಲಿಯೇ, ಕಡಿಮೆ ಬಂಡವಾಳದಲ್ಲಿ ಆರಂಭಿಸಬಹುದು. ಅಳತೆಗೆ ಕಚ್ಚು ಹಾಕಿದ ಕೋಲನ್ನು ಬಳಸಬಹುದು.

ಮಂದದೃಷ್ಟಿಯುಳ್ಳವರು ಬೆಳಕನ್ನು ಪಕ್ಕದಿಂದ ಬೀಳುವಂತೆ ಇಟ್ಟುಕೊಂಡು, ತಿಳಿ ಬಣ್ಣದ ವಸ್ತುವಿಗೆ ಗಾಢ ಬಣ್ಣದ ಹಲಗೆಯನ್ನು ಬಳಸಿದಲ್ಲಿ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ.

ತರಬೇತಿಗೆ ಸೇರುವ ಮುನ್ನ

ಒಂದು ವಸ್ತುವಿಗೆ ತಗಲುವ ಕಚ್ಚಾವಸ್ತುವಿನ ಬೆಲೆ, ತಯಾರಿಕೆಯ ಸಮಯ ಮತ್ತು ಮಾರಾಟದ ಬೆಲೆಯನ್ನು ಲೆಕ್ಕ ಹಾಕತಕ್ಕದ್ದು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ, ತಿ. ನರಸೀಪುರದ ತ್ರಿವೇಣಿ ಸಂಗಮ, ಅದೇ ತಾಲ್ಲೂಕಿನ ತಲಕಾಡು ಹಾಗೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರಗಳಿಗೆ ಯಾತ್ರಿಕರು, ಪ್ರವಾಸಿಗರು ಬರುತ್ತಾರೆ. ಆದರೆ ಜಾತ್ರೆಯ ಮಾರಾಟ ಕೆಲವೇ ದಿನಗಳದ್ದು. ಪೊರಕೆ, ಹಗ್ಗ, ಊದುಬತ್ತಿಯಂತಹ ನಿತ್ಯ ಬಳಕೆಯ ವಸ್ತುಗಳಿಗೆ ಅಂಗಡಿ, ಶಾಲೆ, ವಸತಿನಿಲಯಗಳಿಂದ ವರ್ಷವಿಡೀ ಬೇಡಿಕೆ ಇರುತ್ತದೆ. ಕಸುಬಿನ ಆಯ್ಕೆ ಅರ್ಜಿದಾರರದೇ ಆಗಿರಬೇಕು. ಕುಟುಂಬದವರು ಅವರ ಪರವಾಗಿ ತೀರ್ಮಾನಿಸುವುದು ಸರಿಯಲ್ಲ.

ದೊರೆಯುವ ನೆರವು

1. ಆಧಾರ ಯೋಜನೆ: ಸ್ವಯಂ ಉದ್ಯೋಗ ಕೈಗೊಳ್ಳುವ ವಿಕಲಚೇತನರಿಗೆ ಬ್ಯಾಂಕ್ ಸಾಲದೊಂದಿಗೆ ಇಲಾಖೆಯ ನೆರವು.

2. ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮ: 1997ರಲ್ಲಿ ಸ್ಥಾಪಿತವಾದ ಈ ನಿಗಮವು ಸ್ವಯಂ ಉದ್ಯೋಗಕ್ಕೆ ರಿಯಾಯಿತಿ ಬಡ್ಡಿದರದ ಸಾಲ ನೀಡುತ್ತದೆ.

3. ಪಿಎಂ ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಪೊರಕೆ ತಯಾರಿಕೆ ಹಾಗೂ ನಾರು ನೇಯ್ಗೆ ಸೇರಿವೆ. ನಿಯಮಾನುಸಾರ ತರಬೇತಿ ಅವಧಿಗೆ ದಿನಕ್ಕೆ 500 ರೂ. ಭತ್ಯೆ, ಉಪಕರಣಗಳಿಗೆ 15,000 ರೂ.ವರೆಗೆ ನೆರವು ಹಾಗೂ ಶೇ. 5ರ ಬಡ್ಡಿಯಲ್ಲಿ ಮೊದಲ ಹಂತದ 1 ಲಕ್ಷ ರೂ.ವರೆಗಿನ ಸಾಲ ಇರುತ್ತದೆ. ಕುಟುಂಬದ ಒಬ್ಬರಿಗೆ ಮಾತ್ರ ಅವಕಾಶ. ಹೊಸ ನೋಂದಣಿ ಇರುವ ಬಗ್ಗೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

4. ಉಚಿತ ಬಸ್ ಪಾಸ್: ಅಂಧರು ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು.

ಹಣದ ವ್ಯವಹಾರ

ಗಳಿಸಿದ ಹಣ ಕುಶಲಕರ್ಮಿಯ ಸ್ವಂತ ಬ್ಯಾಂಕ್ ಖಾತೆಗೆ ಸೇರಬೇಕು. ದೃಷ್ಟಿ ಇಲ್ಲವೆಂಬ ಕಾರಣಕ್ಕೆ ಚೆಕ್ ಪುಸ್ತಕ, ಎಟಿಎಂ ಮುಂತಾದ ಸೌಲಭ್ಯಗಳನ್ನು ನಿರಾಕರಿಸಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2008ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿದೆ.

ಹೊಸ ಸರಣಿಯ ನೋಟುಗಳನ್ನು ಸ್ಪರ್ಶದಿಂದ ಗುರುತಿಸಬಹುದು. ಅಂಚಿನಲ್ಲಿ 100 ರೂ. ನೋಟಿಗೆ ನಾಲ್ಕು ಉಬ್ಬು ಗೆರೆಗಳು, 200 ರೂ. ನೋಟಿಗೆ ನಾಲ್ಕು ಗೆರೆಗಳ ನಡುವೆ ಎರಡು ವೃತ್ತಗಳು, 500 ರೂ. ನೋಟಿಗೆ ಐದು ಗೆರೆಗಳು ಇರುತ್ತವೆ. ಸವೆದ ನೋಟುಗಳಲ್ಲಿ ಉಬ್ಬು ತಿಳಿಯದಿದ್ದಲ್ಲಿ, ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಡುಗಡೆ ಮಾಡಿದ 'ಮಣಿ' ಮೊಬೈಲ್ ಆ್ಯಪ್ ನೋಟಿನ ಮೌಲ್ಯವನ್ನು ಧ್ವನಿಯಲ್ಲಿ ತಿಳಿಸುತ್ತದೆ.

ಅರ್ಜಿ ಸಲ್ಲಿಸುವ ವಿಧಾನ

ಮೊದಲಿಗೆ ಸ್ವಾವಲಂಬನ್ ಜಾಲತಾಣದಲ್ಲಿ ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ನೋಂದಾಯಿಸಿಕೊಂಡು, ನಿಗದಿತ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗತಕ್ಕದ್ದು. ನಂತರ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಪಂಚಾಯಿತಿ ಕಚೇರಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದು. ಗುರುತಿನ ಚೀಟಿ, ಆಧಾರ್, ಪಡಿತರ ಚೀಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳು ಹಾಗೂ ಭಾವಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.

ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವ ಮೊದಲು ಅರ್ಜಿ ಹಾಗೂ ಸಾಲದ ಕರಾರನ್ನು ಪೂರ್ಣವಾಗಿ ಓದಿಸಿ ಕೇಳತಕ್ಕದ್ದು.

ವಿಶೇಷ ಸೂಚನೆ

ಕರಕುಶಲ ಕಸುಬು ಅಂಧರಿಗೆ ಇರುವ ಏಕೈಕ ಮಾರ್ಗವಲ್ಲ. 2016ರ ಅಧಿನಿಯಮದಂತೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟು ವಿಕಲಚೇತನರಿಗೆ ಮೀಸಲಾಗಿದ್ದು, ಅದರಲ್ಲಿ ಶೇ. 1ರಷ್ಟು ಅಂಧರು ಮತ್ತು ಮಂದದೃಷ್ಟಿಯುಳ್ಳವರಿಗೆ ಮೀಸಲಿದೆ. ವಿದ್ಯಾರ್ಹತೆಯುಳ್ಳವರು ಈ ಅವಕಾಶವನ್ನೂ ಬಳಸಿಕೊಳ್ಳಬಹುದು. ಹೆಚ್ಚಿನ ಮಾಹಿತಿಗೆ ಮೈಸೂರಿನ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.