ಪುಣೆಯ ಮುಠಾ ಕಣಿವೆ: ವೀಕೆಂಡ್ ಸುತ್ತಾಟಕ್ಕೆ 5 ತಾಣಗಳು, ಜೊತೆಗೆ ನದಿಯ ಇತಿಹಾಸ

ಪುಣೆಯಲ್ಲಿ ಭಾನುವಾರ ಬಂದರೆ ಬೆಟ್ಟ ಹತ್ತುವವರು, ಅಣೆಕಟ್ಟೆಯತ್ತ ಗಾಡಿ ತಿರುಗಿಸುವವರು ಬಹಳ. ಇವರು ಹೋಗುವ ಹಲವು ತಾಣಗಳು ಮುಠಾ ನದಿಯ ಕಣಿವೆಯಲ್ಲೇ ಇವೆ. ನದಿ ಹರಿಯುವ ದಿಕ್ಕಿನಲ್ಲಿ ಸುತ್ತಿದರೆ, ನಗರ ನೀರನ್ನು ಹೇಗೆ ಬಳಸಿಕೊಂಡಿತು, ನೀರಿನ ಜಾಗವನ್ನು ಎಲ್ಲಿ ಮರೆತಿತು ಎಂಬುದೂ ಗೊತ್ತಾಗುತ್ತದೆ.

1. ಸಿಂಹಗಡ

ನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಹಳೆಯ ಹೆಸರು ಕೊಂಢಾಣಾ. 1670ರಲ್ಲಿ ಶಿವಾಜಿ ಮಹಾರಾಜರ ಸರದಾರ ತಾನಾಜಿ ಮಾಲುಸರೆ ಈ ಕೋಟೆಗಾಗಿ ಹೋರಾಡಿ ಮಡಿದರು. ಚಾರಣಿಗರು ಆತ್ಕರ್‌ವಾಡಿಯಿಂದ ಕಾಲುದಾರಿ ಹಿಡಿಯುತ್ತಾರೆ. ವಾಹನ ರಸ್ತೆಯೂ ಇದೆ. ಮೇಲೆ ಪಿಠ್ಲಾ-ಭಾಕರಿ, ಈರುಳ್ಳಿ ಭಜಿ, ಮಡಕೆ ಮೊಸರು ಸಿಗುತ್ತದೆ.

2. ಖಡಕ್ವಾಸ್ಲಾ

ಕೋಟೆಯಿಂದ ಕೆಳಗೆ ಕಾಣುವುದು ಇದರ ಹಿನ್ನೀರು. 19ನೇ ಶತಮಾನದಲ್ಲಿ ಬ್ರಿಟಿಷರು ಕಟ್ಟಿದ ಈ ಜಲಾಶಯ ಇಂದಿಗೂ ಪುಣೆಗೆ ನೀರು ಕೊಡುತ್ತಿದೆ. ಸರ್ ಎಂ. ವಿಶ್ವೇಶ್ವರಯ್ಯ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಮೊದಲು ಅಳವಡಿಸಿದ್ದು ಇಲ್ಲೇ. ಗೋಡೆ ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವುದು, ಮಟ್ಟ ಮೀರಿದರೆ ತಾನಾಗಿ ತೆರೆದುಕೊಳ್ಳುವುದು ಅವುಗಳ ವಿಶೇಷ.

1961ರ ಜುಲೈ 12ರಂದು ಮೇಲ್ಭಾಗದಲ್ಲಿ ನಿರ್ಮಾಣ ಹಂತದಲ್ಲಿದ್ದ ಪಾನ್‌ಶೇತ್ ಅಣೆಕಟ್ಟೆ ಒಡೆಯಿತು. ಆ ನೀರಿನ ರಭಸಕ್ಕೆ ಖಡಕ್ವಾಸ್ಲಾ ಕೂಡ ಒಡೆದು, ನದಿ ಪಕ್ಕದ ಪೇಟೆಗಳು ಮುಳುಗಿದವು. ಬಳಿಕ ಎರಡನ್ನೂ ಸರಿಪಡಿಸಲಾಯಿತು. ಪಾನ್‌ಶೇತ್ ಈಗ ಬೋಟಿಂಗ್ ತಾಣ.

3. ಪರ್ವತಿ ಮತ್ತು ಸಾರಸ್‌ಬಾಗ್

ಪರ್ವತಿ ಬೆಟ್ಟದ ದೇವಾಲಯವನ್ನು ನಾನಾಸಾಹೇಬ್ ಪೇಶ್ವೆ 18ನೇ ಶತಮಾನದಲ್ಲಿ ಕಟ್ಟಿಸಿದರು. ಬೆಳಗಿನ ಜಾವವೇ ಮೆಟ್ಟಿಲು ಹತ್ತುವವರ ಸಾಲು ಕಾಣುತ್ತದೆ. ಬುಡದಲ್ಲಿರುವ ಸಾರಸ್‌ಬಾಗ್ ಉದ್ಯಾನ ಒಂದು ಕಾಲಕ್ಕೆ ಕೆರೆಯಾಗಿತ್ತು. ಹಾಗಾಗಿ ಇಲ್ಲಿನ ಗಣಪತಿಗೆ ಇಂದಿಗೂ 'ಕೆರೆಯ ಗಣಪತಿ' ಎಂಬರ್ಥದ ಮರಾಠಿ ಹೆಸರಿದೆ. ಈ ಭಾಗದಲ್ಲಿ ಹರಿಯುವ ಅಂಬಿಲ್ ಓಢಾ ಹಳ್ಳ 2019ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ ಉಕ್ಕಿ ಹಲವರ ಪ್ರಾಣ ತೆಗೆಯಿತು.

4. ಲಕಡಿ ಪೂಲ್, ಪಾತಾಳೇಶ್ವರ

ಪೇಶ್ವೆಗಳ ಕಾಲದ ಮರದ ಸೇತುವೆಯಿಂದ ಬಂದ ಹೆಸರು ಲಕಡಿ ಪೂಲ್. ಅಲ್ಲಿಂದ ಸ್ವಲ್ಪ ದೂರದಲ್ಲಿ, ಜಂಗ್ಲಿ ಮಹಾರಾಜ್ ರಸ್ತೆಯಲ್ಲಿರುವ ಪಾತಾಳೇಶ್ವರ ಗುಹಾಲಯ ರಾಷ್ಟ್ರಕೂಟರ ಕಾಲದ್ದು. ಪೇಶ್ವೆಗಳಿಗೂ ಸಾವಿರ ವರ್ಷ ಮೊದಲಿನ ಪುಣೆಯ ಗುರುತು ಇದು. ಹತ್ತಿರದ ಭಿಡೆ ಪೂಲ್ ಮಳೆಗಾಲದಲ್ಲಿ ಮುಳುಗುವುದು ಸ್ಥಳೀಯರಿಗೆ ಹೊಸತಲ್ಲ.

5. ಸಂಗಮ

ಇಲ್ಲಿ ಮುಠಾ ನದಿ ಮುಳಾ ನದಿಯನ್ನು ಸೇರುತ್ತದೆ. ವಿಶ್ವೇಶ್ವರಯ್ಯ ಓದಿದ ಎಂಜಿನಿಯರಿಂಗ್ ಕಾಲೇಜು ಇರುವುದು ಈ ಭಾಗದಲ್ಲೇ. ವಿದ್ಯಾರ್ಥಿಗಳ ದೋಣಿ ಸ್ಪರ್ಧೆ 'ರೆಗಾಟಾ' ನಡೆಯುವುದೂ ಇದೇ ನೀರಿನಲ್ಲಿ.

ಹೋಗುವ ಮುನ್ನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಡಕ್ವಾಸ್ಲಾದಿಂದ ನೀರು ಬಿಡುವ ಪ್ರಕಟಣೆ ಗಮನಿಸಿ. ನೀರು ಬಿಟ್ಟ ದಿನ ನದಿಪಾತ್ರದ ರಸ್ತೆಗೆ ಇಳಿಯಬೇಡಿ. ಹಿನ್ನೀರಿನಲ್ಲಿ ಈಜುವ ಸಾಹಸ ಬೇಡ. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿದ್ದನ್ನು ನೆನಪಿಡಿ. ಅಣೆಕಟ್ಟೆಗಳಿದ್ದರೂ ಜೋರು ಮಳೆ ಬಂದಾಗ ನದಿ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ.

ಇದು ಪುಣೆಗಷ್ಟೇ ಸಂಬಂಧಿಸಿದ ವಿಷಯವೂ ಅಲ್ಲ. ಸಂಗಮದಿಂದ ಮುಂದೆ ಮುಳಾ-ಮುಠಾ ಭೀಮಾ ನದಿಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿಯುತ್ತಾಳೆ. ಪುಣೆಯ ಮಳೆಯೂ ಕೊಳಚೆಯೂ ಹೋಗುವುದು ಅದೇ ದಾರಿಯಲ್ಲಿ.